ಐದು ಗಂಟೆಯ ಲೆಕ್ಕ

ಎಂಟನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಬರುತ್ತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ 100ಕ್ಕೆ 18 ಬಂದಿತ್ತು. ಪ್ರೋಗ್ರೆಸ್ ಕಾರ್ಡಿಗೆ ಮನೆಯವರ ಸಹಿ ಎಲ್ಲಿ ಅಂತ ಲೆಕ್ಕದ ಮೇಷ್ಟ್ರು ಎರಡು ಸಲ ಕೇಳಿದರು. ಮೂರನೇ ಸಲ ಕೇಳಲಿಲ್ಲ. ಒಂದು ಸಂಜೆ ಸೈಕಲ್ ತುಳಿದುಕೊಂಡು ಶ್ರೀರಾಮಪುರದ ನಮ್ಮ ವಠಾರಕ್ಕೇ ಬಂದುಬಿಟ್ಟರು. ಅದು 1993ನೇ ಇಸವಿ.

ನಾನು, ಅಮ್ಮ ಬಾಗಿಲ ಹತ್ತಿರ ಊದುಬತ್ತಿ ಹೊಸೆಯುತ್ತಾ ಕೂತಿದ್ದೆವು. ಆಗ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಅದೇ ಕೆಲಸ. ಸಾವಿರಕ್ಕೆ ಇಷ್ಟು ಅಂತ ಕೂಲಿ. ಅಮ್ಮ ಗಾಬರಿಯಾಗಿ, ಇದ್ದಿಲ ಹಿಟ್ಟು ಮೆತ್ತಿದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಎದ್ದಳು. ಮೇಷ್ಟ್ರು "ಕೂತ್ಕೊಳ್ಳಿ ತಾಯಿ, ಕೆಲಸ ನಿಲ್ಲಿಸಬೇಡಿ" ಅಂದು ಚಾಪೆ ಮೇಲೆ ಕೂತರು. ನನ್ನ ಮಾರ್ಕ್ಸಿನ ಮಾತೇ ಎತ್ತಲಿಲ್ಲ.

"ಗಂಟೆಗೆ ಎಷ್ಟು ಹೊಸೀತೀರಿ?"

"ನಾನೂರು ಆಗತ್ತೆ ಮೇಷ್ಟ್ರೇ. ಇವಳು ಇನ್ನೂರು."

"ದಿನಕ್ಕೆ?"

"ಮೂರು ಸಾವಿರ ಕೊಡಬೇಕು."

ಮೇಷ್ಟ್ರು 30 ಬಿದಿರು ಕಡ್ಡಿ ಎಣಿಸಿ ನನ್ನ ಮುಂದಿಟ್ಟರು. ಒಂದು ಕಡ್ಡಿ ಅಂದ್ರೆ ನೂರು ಅಂದ್ಕೋ, ಅಮ್ಮ ಒಬ್ಬರೇ ಕೂತರೆ ಎಷ್ಟು ಹೊತ್ತು ಹೇಳು ಅಂದರು. ನಾಲ್ಕು ನಾಲ್ಕು ತೆಗೆದಿಟ್ಟೆ. ಏಳು ಗುಂಪಾಯಿತು, ಎರಡು ಕಡ್ಡಿ ಉಳಿಯಿತು. "ಉಳಿದದ್ದಕ್ಕೆ?" "ಅರ್ಧ ಗಂಟೆ ಸಾರ್." "ಸರಿ. ಇಬ್ಬರೂ ಕೂತರೆ?" ಈ ಸಲ ಆರಾರು ತೆಗೆದೆ. ಐದು ಗುಂಪು, ಒಂದೂ ಉಳಿಯಲಿಲ್ಲ. "ಐದು ಗಂಟೆ" ಅಂತ ಕೂಗಿದೆ. ಲೆಕ್ಕ ಬಂತು ಅಂತ ನನಗೆ ಖುಷಿಯೋ ಖುಷಿ.

ಅಮ್ಮನ ಕೈ ಮಾತ್ರ ಮಣೆಯ ಮೇಲೆ ನಿಂತುಹೋಗಿತ್ತು. "ಸ್ಕೂಲಿಂದ ಬಂದು ಐದು ಗಂಟೆ ಇಲ್ಲೇ ಕೂತರೆ ಇವಳು ಓದೋದು ಯಾವಾಗ ಮೇಷ್ಟ್ರೇ?" ಅಂತ ಅವಳೇ ಕೇಳಿದಳು.

ಮೇಷ್ಟ್ರು ಉತ್ತರ ಕೊಡಲಿಲ್ಲ. ಕಾಫಿ ಕುಡಿದು ಹೊರಟರು. ಮಾರನೇ ದಿನದಿಂದ ಸಂಜೆ ಏಳು ಗಂಟೆಯಾದ ಕೂಡಲೇ ಅಮ್ಮ ನನ್ನನ್ನು ಮಣೆಯ ಮುಂದಿನಿಂದ ಎಬ್ಬಿಸಿ ಪುಸ್ತಕದ ಮುಂದೆ ಕೂರಿಸುತ್ತಿದ್ದಳು. ನನ್ನ ಪಾಲಿನ ಕಡ್ಡಿಯನ್ನೂ ತಾನೇ ಹೊಸೆದು ಮಲಗುತ್ತಿದ್ದಳು. 1996ರಲ್ಲಿ ನಾನು ಎಸ್‌ಎಸ್‌ಎಲ್‌ಸಿ ಪಾಸಾದದ್ದು ಅವಳು ಕೊಟ್ಟ ಆ ಹೊತ್ತಿನಿಂದ, ಮೇಷ್ಟ್ರು ಕೊಟ್ಟ ಒಂದು ಸಂಜೆಯಿಂದ.

ಈಗ ನನ್ನ ಮಗಳು ಒಂಬತ್ತನೇ ಕ್ಲಾಸು. ದೊಡ್ಡ ಖಾಸಗಿ ಶಾಲೆ. ಬೆಳಗ್ಗೆ 6.45ಕ್ಕೆ ವ್ಯಾನು. ಬೆಂಗಳೂರಿನ ಟ್ರಾಫಿಕ್ ದಾಟಿ ಮನೆ ಸೇರುವಾಗ 4.30. ಆಮೇಲೆ ಟ್ಯೂಷನ್, ಹೋಂವರ್ಕ್, ಮಲಗುವಾಗ ಹನ್ನೊಂದು. ಒಂದು ದಿನ ಕಾಗದ ತೆಗೆದುಕೊಂಡು ಅವಳ ದಿನದ ಲೆಕ್ಕ ಹಾಕಿದೆ. ಅವಳದು ಅಂತ ಉಳಿದದ್ದು ನಲವತ್ತು ನಿಮಿಷ. ಕಡ್ಡಿ ಹೊಸೆಯುತ್ತಿದ್ದ ನನಗೆ ಇದಕ್ಕಿಂತ ಜಾಸ್ತಿ ಬಿಡುವಿತ್ತು. ಹೊಟ್ಟೆ ಕಿವುಚಿದ ಹಾಗಾಯಿತು. ಆ ಟ್ಯೂಷನ್ನಿಗೆ ಸೇರಿಸಿದವಳು ನಾನೇ ಅಲ್ವಾ? ಪಕ್ಕದ ಮನೆಯ ಹುಡುಗ ಹೋಗುತ್ತಾನೆ, ಇವಳು ಹಿಂದೆ ಬಿದ್ದರೆ ಅನ್ನುವ ಭಯ. ನನಗೆ ಗೊತ್ತಿರುವ ತಂದೆತಾಯಿಯರೆಲ್ಲ ಈ ಭಯದಲ್ಲೇ ಇದ್ದಾರೆ. ಸಾಲ ಮಾಡಿ ಫೀಸ್ ಕಟ್ಟುವವರೂ ಇದ್ದಾರೆ. ಕೊನೆಗೆ ಟ್ಯೂಷನ್ ಬಿಡಿಸಿದೆ. ಅವಳು ಮತ್ತೆ ಚಿತ್ರ ಬರೆಯುತ್ತಿದ್ದಾಳೆ.

ಅದೇ ಸಮಯಕ್ಕೆ ನಮ್ಮ ಹಳೆಯ ಸರ್ಕಾರಿ ಶಾಲೆಗೂ ಹೋಗಲು ಶುರು ಮಾಡಿದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಲೆಕ್ಕ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿಗೆ ಬಂದರೂ ಭಾಗಾಕಾರ ಬಾರದ ಮಕ್ಕಳಿದ್ದಾರೆ. ದಡ್ಡರು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದವರ ಏಳನೇ ಕ್ಲಾಸು ಹೋದದ್ದು ಹಾಗೆ. ಮನೆಯಲ್ಲಿ ಒಂದೇ ಮೊಬೈಲ್, ಅದು ಅಪ್ಪನ ಜೇಬಿನಲ್ಲಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಗ್ರೇಸ್ ಅಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ನಕಲು ನಿಲ್ಲಬೇಕಿತ್ತು, ಸರಿ. ಆದರೆ ಕಲಿಯದೇ ಉಳಿದ ಏಳನೇ ಕ್ಲಾಸನ್ನು ಆ ಮಕ್ಕಳಿಗೆ ಯಾರು ಕಲಿಸಿದರು?

ಟೀಚರುಗಳನ್ನು ದೂರುವುದು ಸುಲಭ. ನಾನೂ ದೂರುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಕೂತು ನೋಡಿದ ಮೇಲೆ ಬಾಯಿ ಮುಚ್ಚಿದೆ. ಲೆಕ್ಕದ ಮೇಡಂ ಊಟದ ಡಬ್ಬಿ ಪಕ್ಕಕ್ಕಿಟ್ಟು ಎಸ್‌ಎಟಿಎಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರ ತುಂಬುತ್ತಿದ್ದರು. ಸರ್ವರ್ ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಪಟ್ಟಿ, ಎಲ್ಲ ಇವರ ತಲೆಯ ಮೇಲೇ. 2025ರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿ ಇವರನ್ನು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹಾಕಿದರು. ಮೇಡಂ ಆಗ ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. "ನೂರಕ್ಕೂ ಜಾಸ್ತಿ ಮನೆ ಹತ್ತಿ ಇಳಿದೆ ಅಕ್ಕಾ. ಅದರಲ್ಲಿ ನನ್ನ ಕ್ಲಾಸಿನ ಮಗುವಿನ ಮನೆ ಒಂದೂ ಇರಲಿಲ್ಲ."

2020ರಲ್ಲಿ ವಿದ್ಯಾಗಮ ಅಂತ ಮಾಡಿದ್ದರು, ನೆನಪಿದೆಯಾ? ಟೀಚರೇ ಮಕ್ಕಳಿದ್ದಲ್ಲಿಗೆ ಹೋಗಿ ಜಗಲಿ ಮೇಲೆ, ಮರದ ಕೆಳಗೆ ಪಾಠ ಮಾಡುತ್ತಿದ್ದರು. ಸೋಂಕಿನ ಭಯಕ್ಕೆ ಆ ಅಕ್ಟೋಬರಿನಲ್ಲೇ ನಿಲ್ಲಿಸಿದರು. ಮಗುವಿನ ಮನೆ ನೋಡುವುದನ್ನು ಮಾತ್ರ ಬಿಡಬಾರದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಎರಡು ವಾರದಿಂದ ಬಂದಿರಲಿಲ್ಲ. ಯಾದಗಿರಿ ಕಡೆಯವರು, ಬಿಲ್ಡಿಂಗ್ ಕೆಲಸ. ಮೊಬೈಲ್ ಸ್ವಿಚ್ ಆಫ್. ಭಾನುವಾರ ಮೇಡಂ, ನಾನು ಇಬ್ಬರೂ ಹುಡುಕಿಕೊಂಡು ಹೋದೆವು. ತಗಡಿನ ಶೆಡ್. ಹುಡುಗ ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದ, ಮಗುವಿಗೆ ಮೂರೂವರೆ ವರ್ಷ. ಅವನ ತಾಯಿ ಸಿಮೆಂಟ್ ಚೀಲ ಹಾಸಿ "ಕುಂದರ್ರಿ" ಅಂದರು.

"ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗ್ತೀರಿ ಅವ್ವಾ?" ಮೇಡಂ ಕೇಳಿದರು.

"ಎಂಟಕ್ಕರೀ. ಕೂಸಿನ್ನ ಯಾರ್ ನೋಡ್ಕೋಬೇಕ್ರಿ?"

ಶಾಲೆಯ ಪಕ್ಕದಲ್ಲೇ ಅಂಗನವಾಡಿ ಇದೆ. ಅದು ಇವರಿಗೆ ಗೊತ್ತಿರಲಿಲ್ಲ. ಹೇಳುವವರೂ ಇರಲಿಲ್ಲ. ಎಂಟರಿಂದ ಒಂಬತ್ತೂವರೆವರೆಗೆ ತಂಗಿಯನ್ನು ಹುಡುಗ ನೋಡಿಕೊಳ್ಳುವುದು, ಅಲ್ಲಿ ಬಿಟ್ಟು ಕ್ಲಾಸಿಗೆ ಬರುವುದು, ಸಂಜೆ ಅವಳನ್ನು ಕರೆದುಕೊಳ್ಳಲು ಸ್ವಲ್ಪ ಬೇಗ ಹೊರಡುವುದು ಅಂತ ಮೇಡಂ ಅವನ ನೋಟ್‌ಬುಕ್ಕಿನಲ್ಲೇ ಹೊತ್ತು ಬರೆದು ತೋರಿಸಿದರು. ಹುಡುಗ ಪಕ್ಕದಲ್ಲಿ ಬಗ್ಗಿ, ಬೆರಳು ಮಡಚಿ ಎಣಿಸುತ್ತಿದ್ದ.

ಸೋಮವಾರ ಆಫೀಸಿನಲ್ಲಿದ್ದಾಗ ಮೇಡಂ ಮೆಸೇಜ್ ಬಂತು. ಹತ್ತು ನಿಮಿಷ ತಡವಾಗಿ ಬಂದ, ಹಾಜರಿ ಹಾಕಿದ್ದೇನೆ ಅಂತ.