ಯಾವ ಜಾಕೆಟ್ ಕೊಳ್ಳಲಿ ಎಂದು ಕೇಳುವವರಿಗೆ

ಡಿಸೆಂಬರ್ ಹತ್ತಿರ ಬಂತೆಂದರೆ ನನಗೆ ಒಂದೇ ಪ್ರಶ್ನೆ. ‘ಕೇದಾರಕಂಠಕ್ಕೆ ಹೊರಟಿದ್ದೇವೆ, ಯಾವ ಜಾಕೆಟ್ ಕೊಳ್ಳಲಿ?’ ಕೇದಾರಕಂಠ ಎಂದರೆ ಚಳಿಗಾಲದಲ್ಲಿ ಹಿಮ ಹೊದ್ದಿರುವ ಹಿಮಾಲಯದ ಒಂದು ಶಿಖರ. ಕೇಳುವವರು ಸಾಮಾನ್ಯವಾಗಿ ಕುಮಾರಪರ್ವತ ಹತ್ತಿ ಇಳಿದವರು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಹಿಮ ಮುಟ್ಟದವರು. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿರುವಾಗಲೂ ಕೇಳಿದ್ದಾರೆ, ತಿಥಿಯ ಊಟದಲ್ಲೂ ಕೇಳಿದ್ದಾರೆ. ಬಾಯಿ ನೋವಾದ್ದರಿಂದ ಬರೆದಿಡುತ್ತಿದ್ದೇನೆ.

ಉತ್ತರ: ಕೊಳ್ಳಬೇಡಿ. ಬಾಡಿಗೆಗೆ ತೆಗೆದುಕೊಳ್ಳಿ. ಚಾರಣ ಶುರುವಾಗುವ ಸಾಂಕ್ರಿ ಎಂಬ ಹಳ್ಳಿಯಲ್ಲೇ ಸಿಗುತ್ತದೆ. ಬೆಂಗಳೂರಿಗೆ ಮರಳಿದ ಮೇಲೆ ಆ ದಪ್ಪ ಜಾಕೆಟ್ಟನ್ನು ನೀವು ಎಲ್ಲಿಗೆ ಹಾಕಿಕೊಂಡು ಹೋಗುತ್ತೀರಿ, ಲಾಲ್‌ಬಾಗಿಗೆ?

ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಿಲ್ಲ. ‘ಇಲ್ಲ ಸರ್, ದುಡ್ಡಿನ ಪ್ರಶ್ನೆ ಅಲ್ಲ, ಒಳ್ಳೆಯದೊಂದು ಹೇಳಿ’ ಎಂದು ಮತ್ತೆ ಅಲ್ಲಿಗೇ ಬರುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಒಂದು ವಸ್ತುವನ್ನು ಕೊಂಡುಬಿಟ್ಟರೆ ಚಳಿಯ ಸಮಸ್ಯೆ ಮುಗಿಯಿತು ಎಂಬ ನಂಬಿಕೆಯಲ್ಲೇ ಈ ಪ್ರಶ್ನೆ ಹುಟ್ಟುತ್ತದೆ. ಆ ನಂಬಿಕೆ ಹೊತ್ತು ಬಂದವನೊಬ್ಬನನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಾಂಕ್ರಿ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ. ಡೆಹ್ರಾಡೂನ್‌ನಿಂದ ಪುರೋಲಾ, ಮೋರಿ ದಾಟಿ ಸುಮಾರು 200 ಕಿಲೋಮೀಟರ್. ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಸಂಜೆಗೆ ತಲುಪುತ್ತೀರಿ. ಮರುದಿನ ಪೈನ್, ಓಕ್ ಮರಗಳ ನಡುವೆ ‘ಜುಡಾ ಕಾ ತಾಲಾಬ್’ ಎಂಬ ಕೊಳದತ್ತ ಏರು. ನಮ್ಮ ಗುಂಪಿನಲ್ಲಿ ಹೊಚ್ಚ ಹೊಸ ಕೆಂಪು ಡೌನ್ ಜಾಕೆಟ್ ತೊಟ್ಟ ಹುಡುಗನೊಬ್ಬನಿದ್ದ. ಸಾಂಕ್ರಿಯಲ್ಲಿ ಬೆಳಿಗ್ಗೆ ಕುತ್ತಿಗೆಯವರೆಗೆ ಏರಿಸಿದ ಜಿಪ್ಪನ್ನು ಅವನು ಇಳಿಸಲೇ ಇಲ್ಲ. ‘ತೆಗೆದು ಚೀಲದಲ್ಲಿಡು’ ಎಂದು ಗೈಡ್ ಹೇಳಿದರೆ ‘ಪರವಾಗಿಲ್ಲ ಭಯ್ಯಾ, ಚಳಿ ಇದೆ’ ಎಂದ. ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದು ತೊಟ್ಟಿಕ್ಕುತ್ತಿತ್ತು.

ಶಿಬಿರ ತಲುಪಿ ಅವನು ಜಿಪ್ ಎಳೆದಾಗ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಭುಸ್ಸೆಂದು ಆವಿ ಹೊರಬಂತು. ಒಳಗೆ ಹತ್ತಿಯ ಬನಿಯನ್, ಅದರ ಮೇಲೆ ಹತ್ತಿಯ ಟೀ ಶರ್ಟು. ಎರಡೂ ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ. ಫೋಟೊ ತೆಗೆಸಿಕೊಳ್ಳುತ್ತ ನಿಂತ. ಸೂರ್ಯ ಬೆಟ್ಟದ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟನೆ ಬಡಿದುಕೊಳ್ಳತೊಡಗಿದವು, ಚಹಾದ ಲೋಟ ಕೈಯಲ್ಲಿ ನಿಲ್ಲದಾಯಿತು. ಗೈಡ್ ಅವನನ್ನು ಡೇರೆಯೊಳಗೆ ತಳ್ಳಿ, ಒದ್ದೆ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಒಣ ಬಟ್ಟೆ ತೊಡಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಬಿಸಿನೀರಿನ ಬಾಟಲಿ ಇಟ್ಟು ಮಲಗಿಸಿದ. ಅಷ್ಟು ಬೆಲೆಯ ಜಾಕೆಟ್ ಡೇರೆಯ ಹಗ್ಗದ ಮೇಲೆ ತೂಗುತ್ತಿತ್ತು. ಡೌನ್ ಎಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಮೆತ್ತನೆಯ ಒಳಪುಕ್ಕ. ಉಬ್ಬಿಕೊಂಡು ಗಾಳಿಯನ್ನು ಹಿಡಿದಿಟ್ಟರಷ್ಟೇ ಅದಕ್ಕೆ ಬೆಲೆ, ಒದ್ದೆಯಾದರೆ ಮುದ್ದೆ.

ಆ ಗೈಡ್ ಏನು ತೊಟ್ಟಿದ್ದ ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ನಡೆಯುವಾಗ ಮೈಮೇಲೆ ಒಂದು ತೆಳು ಥರ್ಮಲ್ ಒಳಅಂಗಿ, ಮೊಣಕೈಯವರೆಗೆ ಏರಿಸಿದ ಹಳೆಯ ಸ್ವೆಟರ್, ಅಷ್ಟೇ. ಆದರೆ ನಿಂತ ಕ್ಷಣ, ನೀರು ಕುಡಿಯುವುದಕ್ಕೂ ಮೊದಲು, ಚೀಲದ ಬಾಯಲ್ಲೇ ಇಟ್ಟಿದ್ದ ಜಾಕೆಟ್ ಎಳೆದು ಹಾಕಿಕೊಳ್ಳುತ್ತಿದ್ದ. ಹೊರಡುವಾಗ ಮತ್ತೆ ಒಳಗೆ. ಬೆವರು ಬರದಷ್ಟು ನಿಧಾನವಾಗಿ ನಡೆಯುತ್ತಿದ್ದ. ನಮ್ಮವರು ಅದನ್ನು ಸೋಮಾರಿತನ ಎಂದುಕೊಂಡಿದ್ದರು.

ಯಾವುದನ್ನು ಹಾಕಿಕೊಳ್ಳಬೇಕು ಎಂದು ಎಲ್ಲರೂ ಕೇಳುತ್ತಾರೆ, ಯಾವಾಗ ಬಿಚ್ಚಬೇಕು ಎಂದು ಯಾರೂ ಕೇಳುವುದಿಲ್ಲ. ಹೊರಡುವಾಗಲೇ ತುಸು ಚಳಿ ಅನ್ನಿಸಬೇಕು. ಬೆಚ್ಚಗಿದ್ದರೆ ಬಟ್ಟೆ ಹೆಚ್ಚಾಯಿತೆಂದೇ ಅರ್ಥ. ಹತ್ತು ನಿಮಿಷ ನಡೆದ ಮೇಲೆ ಬೆನ್ನು ಬೆಚ್ಚಗಾದೊಡನೆ ಒಂದು ಪದರ ತೆಗೆಯಿರಿ. ‘ಗುಂಪು ಮುಂದೆ ಹೋಗುತ್ತದೆ’ ಎಂಬ ಸಂಕೋಚ ಬೇಡ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ, ಹತ್ತಿಯೋ ಆ ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಮೈಗೆ ತಾಗುವ ಪದರ ಸಿಂಥೆಟಿಕ್ ಅಥವಾ ಉಣ್ಣೆಯದಿರಲಿ. ಅದರ ಮೇಲೆ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆಯ ಅಂಗಿ. ಅದರ ಮೇಲೆ ಗಾಳಿ ತಡೆಯುವ ತೆಳು ಕವಚ. ದಪ್ಪ ಜಾಕೆಟ್ ಇರುವುದು ನಿಲ್ಲುವುದಕ್ಕೆ, ಕೂರುವುದಕ್ಕೆ, ರಾತ್ರಿಗೆ. ಅಜ್ಜಿ ಹೆಣೆದ ಕುಲಾವಿ ಮನೆಯಲ್ಲಿದ್ದರೆ ಅದನ್ನೇ ಒಯ್ಯಿರಿ, ಬ್ರ್ಯಾಂಡ್ ಇಲ್ಲವೆಂದು ಹಿಮ ಬೇಸರಿಸುವುದಿಲ್ಲ.

ನಾನೇನು ಪರ್ವತಾರೋಹಿಯಲ್ಲ, ಯಾವ ಬಾಡಿಗೆ ಅಂಗಡಿಯವರೂ ನನಗೆ ಕಮಿಷನ್ ಕೊಡುವುದಿಲ್ಲ. ಖರ್ಚು ಮಾಡಲೇಬೇಕು ಎಂದು ಕೈ ತುರಿಸುತ್ತಿದ್ದರೆ ಶೂಗೆ ಮಾಡಿ. ಬಾಡಿಗೆ ಶೂ ಬೇರೆಯವರ ಪಾದಕ್ಕೆ ಪಳಗಿರುತ್ತದೆ. ಕಣಕಾಲು ಮುಚ್ಚುವ, ನೀರು ಒಳಬಿಡದ ಜೋಡಿ ಕೊಂಡು, ಹೊರಡುವ ಮುಂಚಿನ ವಾರಗಳಲ್ಲಿ ತರಕಾರಿ ತರುವುದಕ್ಕೂ ಅದನ್ನೇ ಮೆಟ್ಟಿಕೊಂಡು ಹೋಗಿ. ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಿಸಲು ಜಾಗವಿರಲಿ. ಎರಡು ಜೊತೆ ಕಾಲುಚೀಲ ತುರುಕಿದರೆ ಎರಡು ಪಟ್ಟು ಬೆಚ್ಚಗಿರುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ರಕ್ತ ಓಡಾಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಹೆಪ್ಪುಗಟ್ಟಿದ ದಾರಿಗೆ ಶೂ ಅಡಿಗೆ ಕಟ್ಟುವ ಹಲ್ಲಿನ ಸರಪಳಿ, ಅಂದರೆ ಮೈಕ್ರೋಸ್ಪೈಕ್, ಬಾಡಿಗೆಗೆ ಸಿಗುತ್ತದೆ. ಕಪ್ಪು ಕನ್ನಡಕ ಶೋಕಿಗಲ್ಲ, ಹಿಮದ ಮೇಲಿನ ಬಿಸಿಲು ಕಣ್ಣನ್ನು ಸುಡುತ್ತದೆ.

ಶಿಖರ ಸುಮಾರು 12,500 ಅಡಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ತಲೆ ಸಿಡಿಯುತ್ತಿದ್ದರೆ, ವಾಕರಿಕೆ ಬಂದರೆ ಗೈಡ್‌ಗೆ ಹೇಳಿ. ಮುಚ್ಚಿಟ್ಟುಕೊಂಡು ಮೇಲೇರುವುದು ಶೌರ್ಯವಲ್ಲ. ಅದಕ್ಕೆ ಮದ್ದು ಕೆಳಗಿಳಿಯುವುದೇ. ಶಿಖರಕ್ಕೆ ಹೊರಡುವುದು ರಾತ್ರಿ ಎರಡು ಮೂರು ಗಂಟೆಗೆ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದರೂ ಅಚ್ಚರಿಯಿಲ್ಲ. ಮೊಬೈಲು, ಹೆಡ್‌ಲ್ಯಾಂಪಿನ ಬ್ಯಾಟರಿ ಎಲ್ಲವನ್ನೂ ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡು ಮಲಗಿ, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಬೆಳಗಾಗುವ ಹೊತ್ತಿಗೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ಎದುರಿಗೆ ಕೆಂಪಾಗುವಾಗ ಮೊಬೈಲು ಸತ್ತಿತೆಂದು ಬೈದುಕೊಳ್ಳುವವರನ್ನು ಪ್ರತಿ ಸಲವೂ ಕಾಣುತ್ತೇನೆ. ಕೆಂಪು ಜಾಕೆಟ್ಟಿನ ಹುಡುಗನೂ ಶಿಖರಕ್ಕೆ ಬಂದಿದ್ದ. ಗೈಡ್ ಕೊಟ್ಟ ಹಳೆಯ ಫ್ಲೀಸ್ ತೊಟ್ಟು.

ಇನ್ನು ‘ಬಾಡಿಗೆ ಯಾಕೆ, ನಿಮ್ಮದನ್ನೇ ಕೊಡಿ, ಬಂದು ವಾಪಸ್ ಕೊಡುತ್ತೇನೆ’ ಎನ್ನುವವರಿಗೆ: ಕೈಗವಸು, ಕೋಲು, ಕನ್ನಡಕ ಏನು ಬೇಕಾದರೂ ಒಯ್ಯಿರಿ, ಜಾಕೆಟ್ ಕೇಳಬೇಡಿ. ನಮ್ಮ ಬಂಧುವೊಬ್ಬರು ತೆಗೆದುಕೊಂಡು ಹೋಗಿದ್ದರು. ಪಾಪ, ಮರ್ಯಾದಸ್ಥರು. ಸೋಪಿನ ಪುಡಿಯಲ್ಲಿ ನೆನೆಸಿ, ತಿಕ್ಕಿ ತೊಳೆದು, ಇಸ್ತ್ರಿ ಮಾಡಿಸಿ ತಂದುಕೊಟ್ಟರು.