ಮಿಶ್ರ ಪೂರ್ವಜರ ಲೆಕ್ಕ

ಅಮೆರಿಕದ ಅರಿಜೋನಾ ರಾಜ್ಯದ ಗಿಲಾ ನದಿಯ ಆಸುಪಾಸಿನಲ್ಲಿ ನೆಲೆಸಿರುವ ಮೂಲನಿವಾಸಿಗಳ ಬಗ್ಗೆ 1988ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು, ವಂಶವಾಹಿಗಳ ಸಂಶೋಧನೆಗೆ ಹೊಸದಾಗಿ ಬರುವವರು ಎಲ್ಲಕ್ಕಿಂತ ಮೊದಲು ಓದಬೇಕೆಂದು ನಾನು ಹೇಳುತ್ತಿರುತ್ತೇನೆ. ವಿಲಿಯಂ ನೋಲರ್ ಮತ್ತು ಸಂಗಡಿಗರು 4,920 ಮಂದಿಯನ್ನು ಪರೀಕ್ಷಿಸಿದಾಗ, ಪ್ರತಿಕಾಯಗಳಿಗೆ ಸಂಬಂಧಿಸಿದ ಜಿಎಂ ಎಂಬ ಆನುವಂಶಿಕ ಗುರುತಿನ ಒಂದು ನಿರ್ದಿಷ್ಟ ಬಗೆಯನ್ನು ಹೊಂದಿದ್ದವರಲ್ಲಿ ಶೇಕಡಾ 8ರಷ್ಟು ಜನರಿಗೆ ಮಧುಮೇಹವಿದ್ದರೆ, ಅದಿಲ್ಲದವರಲ್ಲಿ ಶೇಕಡಾ 29ರಷ್ಟು ಜನರಿಗೆ ಇತ್ತು. ಮೇಲ್ನೋಟಕ್ಕೆ ಮಧುಮೇಹವನ್ನು ತಡೆಯುವ ವಂಶವಾಹಿಯೇ ಸಿಕ್ಕಂತೆ ತೋರುತ್ತದೆ. ಆದರೆ ಆ ಬಗೆ ಯುರೋಪ್ ಮೂಲದವರಲ್ಲಿ ಸಾಮಾನ್ಯವಾದದ್ದು, ಈ ಮೂಲನಿವಾಸಿಗಳಲ್ಲಿ ತೀರ ಅಪರೂಪದ್ದು. ಅದನ್ನು ಹೊತ್ತವರ ವಂಶದಲ್ಲಿ ಯುರೋಪಿನ ಅಜ್ಜನೋ ಮುತ್ತಜ್ಜಿಯೋ ಇದ್ದಿರುವ ಸಂಭವವೇ ಹೆಚ್ಚು. ಮೂಲನಿವಾಸಿ ಪೂರ್ವಜರ ಪಾಲು ಒಂದೇ ಆಗಿರುವವರನ್ನು ಮಾತ್ರ ಪರಸ್ಪರ ಹೋಲಿಸಿ ನೋಡಿದಾಗ ಆ ಸಂಬಂಧ ಹೆಚ್ಚುಕಡಿಮೆ ಇಲ್ಲವಾಯಿತು. ಆ ಗುರುತು ರೋಗದ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ, ಪೂರ್ವಜರ ಸುಳಿವನ್ನಷ್ಟೇ ಕೊಡುತ್ತಿತ್ತು.

ಈ ಎಡವಟ್ಟಿಗೆ ಎರಡು ಸಂಗತಿಗಳು ಕೂಡಿಬಂದರೆ ಸಾಕು: ಒಂದು ವಂಶವಾಹಿಯ ಬಗೆಗಳ ಪ್ರಮಾಣ ಬೇರೆ ಬೇರೆ ಜನಸಮೂಹಗಳಲ್ಲಿ ಬೇರೆಯಾಗಿರಬೇಕು, ಮತ್ತು ನಾವು ಅಳೆಯುತ್ತಿರುವ ಲಕ್ಷಣವೂ, ಅದು ಆಹಾರದಿಂದಲೋ ಬಡತನದಿಂದಲೋ ಇನ್ನಾವುದೇ ಕಾರಣದಿಂದಲೋ, ಆ ಸಮೂಹಗಳ ನಡುವೆ ವ್ಯತ್ಯಾಸವಾಗುತ್ತಿರಬೇಕು.

ಇದಕ್ಕೆ ಮದ್ದು ಹುಡುಕುವ ಪ್ರಯತ್ನಗಳು ಸಾಲಾಗಿ ಬಂದವು. 1993ರಲ್ಲಿ ಬಂದ ಒಂದು ಪರೀಕ್ಷೆಯು ತಂದೆತಾಯಿಯರಿಂದ ರೋಗಪೀಡಿತ ಮಗುವಿಗೆ ದಾಟಿದ ಬಗೆಯನ್ನು ದಾಟದೆ ಉಳಿದ ಬಗೆಯೊಂದಿಗೆ ಹೋಲಿಸಿ, ಕುಟುಂಬದೊಳಗೇ ಉತ್ತರ ಹುಡುಕುವ ಮೂಲಕ ಸಮಸ್ಯೆಯ ಬುಡವನ್ನೇ ಕತ್ತರಿಸಿತು. ಇಂದಿಗೂ ಅದಕ್ಕಿಂತ ಪ್ರಾಮಾಣಿಕವಾದ ವಿನ್ಯಾಸ ಇಲ್ಲವೆಂದೇ ನನ್ನ ಅನಿಸಿಕೆ, ಆದರೆ ಸಾವಿರಾರು ಕುಟುಂಬಗಳನ್ನು ಒಟ್ಟುಗೂಡಿಸುವುದು ಸುಲಭವಲ್ಲ. 2000ದಲ್ಲಿ ಬಂದ ಸ್ಟ್ರಕ್ಚರ್ ಎಂಬ ತಂತ್ರಾಂಶ ಪ್ರತಿಯೊಬ್ಬರ ಪೂರ್ವಜರ ಪಾಲನ್ನು ಅಂದಾಜಿಸತೊಡಗಿತು. 2006ರಲ್ಲಿ ಆಲ್ಕೆಸ್ ಪ್ರೈಸ್ ಮತ್ತು ಸಂಗಡಿಗರು ಪ್ರಧಾನ ಘಟಕ ವಿಶ್ಲೇಷಣೆಯನ್ನು ಇದಕ್ಕೆ ಒಗ್ಗಿಸಿದ ಮೇಲೆ, ಲಕ್ಷಾಂತರ ಗುರುತುಗಳಲ್ಲಿ ಚದುರಿರುವ ಪೂರ್ವಜರ ಮಾಹಿತಿಯನ್ನು ಘಟಕಗಳೆಂಬ ಕೆಲವೇ ಅಂಕಣಗಳಿಗೆ ಇಳಿಸಿ, ವಂಶವಾಹಿಗೂ ಲಕ್ಷಣಕ್ಕೂ ಇರುವ ಸಂಬಂಧವನ್ನು ಅಳೆಯುವ ಸಮೀಕರಣಕ್ಕೆ ಸೇರಿಸುವುದು ರೂಢಿಯಾಯಿತು. ಈ ಕೆಲಸ ಕಲಿಯತೊಡಗಿದ ಹೊಸತರಲ್ಲಿ ನಾನೂ ಮೊದಲ ಹತ್ತು ಘಟಕಗಳನ್ನು ಸೇರಿಸಿ ಕೈತೊಳೆದುಕೊಳ್ಳುತ್ತಿದ್ದೆ. ಹತ್ತೇ ಏಕೆ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಿಕೊಳ್ಳುತ್ತಿರಲಿಲ್ಲ.

ಆ ನೆಮ್ಮದಿಗೆ ದೊಡ್ಡ ಪೆಟ್ಟು ಬಿದ್ದದ್ದು 2019ರಲ್ಲಿ. ಉತ್ತರ ಯುರೋಪಿನವರು ದಕ್ಷಿಣದವರಿಗಿಂತ ಎತ್ತರವಾಗಿರುವುದಕ್ಕೆ ನೈಸರ್ಗಿಕ ಆಯ್ಕೆಯೇ ಕಾರಣವೆಂದು, ಎತ್ತರಕ್ಕೆ ಸಂಬಂಧಿಸಿದ ನೂರಾರು ವಂಶವಾಹಿ ಬಗೆಗಳ ಆಧಾರದ ಮೇಲೆ ಹಲವು ವರ್ಷಗಳಿಂದ ಹೇಳಲಾಗುತ್ತಿತ್ತು. ಸುಮಾರು ಐದು ಲಕ್ಷ ಜನರ ಮಾಹಿತಿಯುಳ್ಳ ಯುಕೆ ಬಯೋಬ್ಯಾಂಕಿನ ದತ್ತಾಂಶವನ್ನು ಬಳಸಿ ಎರಡು ತಂಡಗಳು ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ಆ ಸಾಕ್ಷ್ಯದ ಬಹುಪಾಲು ಕುಸಿಯಿತು. ಹಳೆಯ ಅಧ್ಯಯನಗಳಲ್ಲಿ ಪೂರ್ವಜರ ವ್ಯತ್ಯಾಸವನ್ನು ಸರಿಪಡಿಸಿದ ಮೇಲೂ ಪ್ರತಿಯೊಂದು ಬಗೆಯಲ್ಲಿ ಕೂದಲೆಳೆಯಷ್ಟು ದೋಷ ಉಳಿದಿತ್ತು. ಒಂದೊಂದಾಗಿ ನೋಡಿದರೆ ಲೆಕ್ಕಕ್ಕೆ ಬಾರದ ಆ ದೋಷಗಳೆಲ್ಲ ಒಂದೇ ದಿಕ್ಕಿಗೆ ವಾಲಿದ್ದರಿಂದ, ನೂರಾರನ್ನು ಕೂಡಿಸಿದಾಗ ದೊಡ್ಡದೊಂದು ಕಥೆಯೇ ಆಗಿಬಿಟ್ಟಿತ್ತು.

ಇಷ್ಟಾದರೂ ಇವೆಲ್ಲ ವ್ಯಕ್ತಿಯೊಬ್ಬರಿಗೆ ಒಂದು ಸರಾಸರಿಯನ್ನು ಕೊಡುವ ವಿಧಾನಗಳು. ಇತ್ತೀಚಿನ ಶತಮಾನಗಳಲ್ಲಿ ಬೆರೆತ ವಂಶಗಳ ವಿಷಯದಲ್ಲಿ ಸರಾಸರಿ ಸಾಲದು, ಏಕೆಂದರೆ ವರ್ಣತಂತು ಎಂಬುದು ಹಾಲಿನಲ್ಲಿ ಕರಗಿದ ಸಕ್ಕರೆಯಂತಲ್ಲ, ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಯಂತೆ. ಪ್ರತಿ ತಲೆಮಾರಿನಲ್ಲೂ ತಾಯಿಯ ಮತ್ತು ತಂದೆಯ ಕಡೆಯ ಎಳೆಗಳು ಕೆಲವೆಡೆ ತುಂಡಾಗಿ ಅದಲುಬದಲಾಗುವುದರಿಂದ, ತಲೆಮಾರುಗಳು ಕಳೆದಷ್ಟೂ ತುಂಡುಗಳು ಚಿಕ್ಕವಾಗುತ್ತವೆ. ಒಬ್ಬರ ಪೂರ್ವಜರಲ್ಲಿ ಆಫ್ರಿಕಾ ಮೂಲದ ಪಾಲು ಶೇಕಡಾ 80, ಯುರೋಪ್ ಮೂಲದ್ದು ಶೇಕಡಾ 20 ಎಂದುಕೊಳ್ಳಿ. ತುಂಡುಗಳು ಯಾದೃಚ್ಛಿಕವಾಗಿ ಹಂಚಿಕೆಯಾಗಿದ್ದರೆ, ಅವರ ಜೀನೋಮಿನ, ಅಂದರೆ ಒಟ್ಟು ಆನುವಂಶಿಕ ಸಾಮಗ್ರಿಯ, ಶೇಕಡಾ 64ರಷ್ಟು ಜಾಗದಲ್ಲಿ ತಾಯಿಯಿಂದ ಮತ್ತು ತಂದೆಯಿಂದ ಬಂದ ಎರಡೂ ಪ್ರತಿಗಳು ಆಫ್ರಿಕಾ ಮೂಲದವು, ಶೇಕಡಾ 32ರಲ್ಲಿ ಒಂದೊಂದು ಪ್ರತಿ, ಉಳಿದ ಶೇಕಡಾ 4ರಲ್ಲಿ ಎರಡೂ ಯುರೋಪ್ ಮೂಲದವು. ಆ ಕೊನೆಯ ಜಾಗಗಳಲ್ಲಿ ನಿಂತು ನೋಡುವವರಿಗೆ 80 ಎಂಬ ಅಂಕಿ ಏನನ್ನೂ ತಿಳಿಸುವುದಿಲ್ಲ.

ಕಾಟವೆನಿಸಿದ ಈ ಕೌದಿಯನ್ನೇ ಸಾಧನವಾಗಿಸಿಕೊಂಡ ಬಗೆ ನನಗೆ ಬಹಳ ಇಷ್ಟವಾದದ್ದು. ಆಫ್ರಿಕನ್ ಅಮೆರಿಕನ್ನರಲ್ಲಿ ಕೆಲವು ಬಗೆಯ ಮೂತ್ರಪಿಂಡದ ಕಾಯಿಲೆ ಹೆಚ್ಚು. ಹಾಗಾದರೆ ರೋಗಿಗಳ ಜೀನೋಮಿನಲ್ಲಿ ಯಾವ ಜಾಗದಲ್ಲಿ ಆಫ್ರಿಕಾ ಮೂಲದ ತುಂಡುಗಳು ಅವರ ಸರಾಸರಿಗಿಂತ ಹೆಚ್ಚಾಗಿವೆ ಎಂದು ಹುಡುಕಿದರೆ ಸಾಕಲ್ಲವೇ? 2008ರಲ್ಲಿ ಹೀಗೆ ಹುಡುಕಿದಾಗ 22ನೆಯ ವರ್ಣತಂತುವಿನ ಒಂದು ಭಾಗ ಎದ್ದು ಕಂಡಿತು. ಮೊದಲು ಅಲ್ಲಿನ ಎಂವೈಎಚ್9 ಎಂಬ ವಂಶವಾಹಿಯ ಮೇಲೆ ಗುಮಾನಿ ಬಿದ್ದಿತು. 2010ರಲ್ಲಿ ನಿಜವಾದ ಕಾರಣ ಪಕ್ಕದ ಎಪಿಒಎಲ್1 ಎಂದು ಗೊತ್ತಾಯಿತು. ಅದರ ಅಪಾಯಕಾರಿ ಬಗೆಗಳು ನಿದ್ರಾರೋಗ ತರುವ ಒಂದು ಪರಾವಲಂಬಿಯಿಂದ ರಕ್ಷಣೆ ನೀಡುತ್ತಿದ್ದ ಕಾರಣ ಆಫ್ರಿಕಾದ ಕೆಲವು ಭಾಗಗಳಲ್ಲಿ ಹೆಚ್ಚಿದ್ದವು. ತುಂಡುಗಳು ಉದ್ದವಾಗಿರುವುದರಿಂದ ಈ ವಿಧಾನ ಬೀದಿಯನ್ನು ತೋರಿಸುತ್ತದೆ, ಮನೆಯನ್ನು ತೋರಿಸುವುದಿಲ್ಲ. ಇಂಥ ಕಡೆ ಆ ಜಾಗದ ಪೂರ್ವಜಮೂಲವನ್ನೇ ಸಮೀಕರಣಕ್ಕೆ ಸೇರಿಸಿ ಸರಿಪಡಿಸಹೊರಟರೆ, ಹುಡುಕುತ್ತಿರುವ ಸುಳಿವನ್ನು ನಾವೇ ಅಳಿಸಿಹಾಕಿದಂತಾಗುವುದು ಕೂಡ ಸಾಧ್ಯ.

2021ರಲ್ಲಿ ಪ್ರಕಟವಾದ ಟ್ರ್ಯಾಕ್ಟರ್ ಎಂಬ ವಿಧಾನ ಪ್ರತಿ ತುಂಡನ್ನೂ ಅದರ ಮೂಲದ ಪ್ರಕಾರ ಬೇರ್ಪಡಿಸಿ, ಒಂದೇ ವಂಶವಾಹಿ ಬಗೆಯು ಬೀರುವ ಪರಿಣಾಮವನ್ನು ಮೂಲವಾರು ಪ್ರತ್ಯೇಕವಾಗಿ ಅಳೆಯುತ್ತದೆ. ಪರಿಣಾಮ ಎಲ್ಲೆಡೆ ಒಂದೇ ಆಗಿದ್ದರೆ ಹೀಗೆ ಒಡೆಯುವುದರಿಂದ ಪತ್ತೆಹಚ್ಚುವ ಬಲ ಸ್ವಲ್ಪ ಕುಗ್ಗುತ್ತದೆ, ನಿಜ. ಆದರೂ ಮಿಶ್ರ ಮೂಲದವರನ್ನು ವಿಶ್ಲೇಷಣೆಯಿಂದ ಕೈಬಿಡಲು ಇನ್ನು ತಾಂತ್ರಿಕ ನೆಪವಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ತುಂಡುಗಳಿಗೆ ಮೂಲದ ಹೆಸರಿಡುವುದಕ್ಕೂ, ಯಾವ ಸಮೂಹದವರೆಂದು ಗೊತ್ತಿರುವ ಜನರ ಒಂದು ಹೋಲಿಕೆಯ ಪಟ್ಟಿ ಬೇಕು. ಬಹಳ ಮಂದಿ ನೆಚ್ಚಿಕೊಂಡಿರುವ 1000 ಜೀನೋಮ್ಸ್ ಯೋಜನೆಯ ಪಟ್ಟಿಯಲ್ಲಿ 26 ಜನಸಮೂಹಗಳ 2,504 ಮಂದಿ ಇದ್ದಾರೆ. ಅದರಲ್ಲಿಲ್ಲದ ಸಮೂಹದಿಂದ ಬಂದ ತುಂಡಿಗೆ ಲೆಕ್ಕಾಚಾರವು ಹತ್ತಿರವಿರುವ ಹೆಸರನ್ನು ಸಂಕೋಚವಿಲ್ಲದೆ ಅಂಟಿಸಿಬಿಡುತ್ತದೆ. ಜನಾಂಗದ ಹೆಸರನ್ನು ಆನುವಂಶಿಕ ವೈವಿಧ್ಯಕ್ಕೆ ಬದಲಿಯಾಗಿ ಬಳಸಬಾರದೆಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವರದಿ 2023ರಲ್ಲಿ ಹೇಳಿದೆ, ಆದರೆ ಪಟ್ಟಿಯಿಂದ ಬಂದ ಹೆಸರೂ ಅದೇ ಚಾಳಿಗೆ ಬೀಳಬಹುದು. ಹಾಗಾಗಿ ಈಗ ನಾನು ಪರಿಶೀಲಿಸುವ ಪ್ರತಿ ವಿಶ್ಲೇಷಣೆಯಲ್ಲೂ ಯಾವ ಪಟ್ಟಿಯನ್ನು ಬಳಸಲಾಗಿದೆ, ಎಷ್ಟು ಘಟಕಗಳನ್ನು ಯಾವ ಕಾರಣಕ್ಕೆ ಸೇರಿಸಲಾಗಿದೆ, ಯಾವ ಗಡಿಗೆರೆಯಾಚೆಗಿನ ಎಷ್ಟು ಮಂದಿಯನ್ನು ಹೊರಗಿಡಲಾಗಿದೆ ಎಂಬುದನ್ನು ಫಲಿತಾಂಶದ ಕೋಷ್ಟಕವನ್ನು ತೆರೆಯುವುದಕ್ಕೆ ಮೊದಲೇ ಕೇಳಿ ತಿಳಿದುಕೊಳ್ಳುತ್ತೇನೆ.