ಮೇಲಿನ ಸಿಲಿಂಡರಿನ ಗ್ಲ್ಯಾಂಡ್

ನೀಲಗಿರಿಯ ಎಕ್ಸ್ ದರ್ಜೆಯ ಉಗಿ ಇಂಜಿನ್ನುಗಳ ಫಿಟ್ಟರ್ ಆಗಿದ್ದ ವರ್ಷಗಳಲ್ಲಿ ನಾನು ಮಾಡಿದ ತಪ್ಪುಗಳ ಪೈಕಿ ಒಂದು ಇಂದಿಗೂ ಚುಚ್ಚುತ್ತದೆ. ಎಡಬದಿಯ ಮೇಲಿನ ಸಿಲಿಂಡರಿನ ಗ್ಲ್ಯಾಂಡಿನಲ್ಲಿ, ಅಂದರೆ ಪಿಸ್ಟನ್ ರಾಡು ಹೊರಬರುವ ಜಾಗದ ಮುಚ್ಚಳದಲ್ಲಿ, ಆವಿ ಸೋರುತ್ತಿದೆಯೆಂದು ಡ್ರೈವರ್ ಪುಸ್ತಕದಲ್ಲಿ ಬರೆದಿದ್ದರು. ನಾನು ರಾಡಿನ ಸುತ್ತ ಆವಿ ತಡೆಯುವ ಹೊಸ ಪ್ಯಾಕಿಂಗ್ ಹಾಕಿ, ಒಂದೆಳೆ ಆವಿಯೂ ಹೊರಬರಬಾರದೆಂಬ ಹಟದಲ್ಲಿ ನಟ್ಟುಗಳನ್ನು ಬೇಕಾದುದಕ್ಕಿಂತ ಅರ್ಧ ಸುತ್ತು ಹೆಚ್ಚು ಬಿಗಿದೆ. ಯಾರ್ಡಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡಿ, ಸರಿಯಿದೆಯೆಂದು ಸಹಿಯನ್ನೂ ಹಾಕಿದೆ.

ಆ ಪರೀಕ್ಷೆಗೆ ಅರ್ಥವೇ ಇರಲಿಲ್ಲ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ 1914ರಿಂದ 1952ರ ನಡುವೆ ತಯಾರಾದ ಈ ದರ್ಜೆಯ 17 ಇಂಜಿನ್ನುಗಳಲ್ಲಿ ಕೆಳಗಿನ ಸಿಲಿಂಡರುಗಳು ಗಾಲಿಗಳನ್ನು ನಡೆಸುತ್ತವೆ. ಅವು ಬಿಟ್ಟ ಆವಿಯನ್ನು ಪಡೆಯುವ ಮೇಲಿನವು ಪಿನಿಯನ್ನಿಗೆ, ಅಂದರೆ ಕಡಿದಾದ ಏರಿನಲ್ಲಿ ಹಳಿಗಳ ನಡುವಿನ ಹಲ್ಲುಪಟ್ಟಿಯಾದ ರ್ಯಾಕನ್ನು ಕಚ್ಚುವ ಹಲ್ಲುಗಾಲಿಗೆ, ಮಾತ್ರ ಸೇರಿದವು. ಯಾರ್ಡಿನಲ್ಲಾಗಲಿ, ಮೆಟ್ಟುಪಾಳ್ಯದಿಂದ ಕಲ್ಲಾರಿನವರೆಗಿನ ಸಮತಟ್ಟಿನಲ್ಲಾಗಲಿ ಅವು ಅಲುಗುವುದೇ ಇಲ್ಲ. ಇದು ನನಗೆ ಗೊತ್ತಿತ್ತು; ಗೊತ್ತಿದ್ದೂ ಪಿನಿಯನ್ ತಿರುಗಿಸಿ ನೋಡಲಿಲ್ಲ.

ಅಂದು ನಾನೂ ಡ್ರೈವರ್ ನಿಲ್ಲುವ ಫುಟ್‌ಪ್ಲೇಟಿನಲ್ಲಿದ್ದೆ. ಕಲ್ಲಾರ್ ದಾಟಿ, ಪಿನಿಯನ್ ರ್ಯಾಕಿಗೆ ಕಚ್ಚಿ, ಹನ್ನೆರಡೂವರೆ ಅಡಿಗೆ ಒಂದಡಿ ಏರುವ ದಾರಿಯಲ್ಲಿ ಇಂಜಿನ್ ಬೋಗಿಗಳನ್ನು ಹಿಂದಿನಿಂದ ನೂಕತೊಡಗಿದ ಸ್ವಲ್ಪ ಹೊತ್ತಿಗೆ ಪ್ಯಾಕಿಂಗ್ ಕಮರುವ ವಾಸನೆ ಬಂತು. ಹೊಸ ಪ್ಯಾಕಿಂಗ್ ತಾನಾಗಿಯೇ ಕೂತುಕೊಳ್ಳುತ್ತದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಸುಮ್ಮನಿದ್ದೆ. ಒಂದು ಸುರಂಗ ಕಳೆಯಿತು. ಬೆಳಕಿಗೆ ಬಂದಾಗ ಗ್ಲ್ಯಾಂಡಿನ ಬಳಿ ಆವಿಯಲ್ಲದ, ನೀಲಿ ಬಣ್ಣದ ಹೊಗೆ ಕಂಡಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಡ್ರೈವರೇ ತಿರುಗಿ ನೋಡಿ, ಏನದು ಎಂದು ಕೇಳಿದ ಮೇಲೆ ನಿಜ ಹೇಳಿದೆ. ಅವರು ಬೈಯಲಿಲ್ಲ. ವೇಗ ತಗ್ಗಿಸಿ, ನೀರು ತುಂಬಿಸುವ ಹಿಲ್‌ಗ್ರೋವ್ ತಲುಪುವವರೆಗೆ ಒಂದು ಮಾತನ್ನೂ ಆಡಲಿಲ್ಲ. ಅಲ್ಲಿ ನಟ್ಟುಗಳನ್ನು ಸಡಿಲಿಸಿ ಎಣ್ಣೆ ಹಾಕಿದೆ. ಆ ಹೊತ್ತಿಗೆ ಪಿಸ್ಟನ್ ರಾಡಿನ ಮೇಲೆ ಗೀರುಗಳು ಮೂಡಿಬಿಟ್ಟಿದ್ದವು.

ಗ್ಲ್ಯಾಂಡ್ ತುಸು ಆವಿ ಬಿಡಬೇಕು, ಆ ತೇವವೇ ರಾಡನ್ನು ಕಾಯುತ್ತದೆ ಎಂದು ಹಿರಿಯ ಫಿಟ್ಟರ್ ಎಷ್ಟೋ ಸಲ ಹೇಳಿದ್ದರು. 2005ರಲ್ಲಿ ಈ ಮಾರ್ಗಕ್ಕೆ ಯುನೆಸ್ಕೋ ಮಾನ್ಯತೆ ದೊರೆಯಿತು. ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಇದೇ ಮಾದರಿಯ ಹೊಸ ಇಂಜಿನ್ನುಗಳೂ ತಯಾರಾದವು. ಆದರೆ ಹಳೆಯ ಇಂಜಿನ್ನಿನ ರಾಡು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಲೇತಿನಲ್ಲಿ ಗೀರು ತೆಗೆದಷ್ಟೂ ಅದು ಸಣ್ಣದಾಗುತ್ತದೆ, ಹೋದ ಲೋಹ ಮರಳಿ ಬರುವುದಿಲ್ಲ. ಅಂದು ಆ ರಾಡನ್ನು ಲೇತಿಗೆ ಕೊಟ್ಟು, ಉದುರಿದ ಚೂರುಗಳನ್ನು ನಾನೇ ಗುಡಿಸಿದೆ.